ಮಳೆಯಲ್ಲಿ ಟೈರಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳು

ಆರ್.ಎಚ್. ಕ್ಯಾಂಪಿನ ತಮ್ಮಂದಿರೇ, ತಂಗಿಯರೇ,

ಪೂರ್ವ ಬಂಗಾಳದಿಂದ ಬಂದು ಇಲ್ಲಿ ನೆಲೆ ಕಂಡ ಮನೆತನದ ಮಕ್ಕಳಿರಲಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿ ಮಕ್ಕಳಿರಲಿ, ಹದಿನೆಂಟು ತುಂಬಿದ ಕೂಡಲೇ ಸ್ಟೇರಿಂಗ್ ಹಿಡಿಯುತ್ತೀರಿ. ಫೋನಿನಲ್ಲಿ ರೇಸ್ ನೋಡಿ ‘ಕಾಕಾ, ನಾವೂ ರ‍್ಯಾಲಿಗೆ ಹೋಗಬೇಕು, ಎಲ್ಲಿಂದ ಶುರು ಮಾಡೋಣ?’ ಎಂದು ಕೇಳುತ್ತೀರಿ. ಗ್ಯಾರೇಜು ನಡೆಸುತ್ತ, ಹವ್ಯಾಸಿ ರ‍್ಯಾಲಿಗಳಿಗೆ ಮೊದಲು ಮೆಕ್ಯಾನಿಕ್ ಆಗಿ, ಆಮೇಲೆ ಚಾಲಕನಾಗಿ ಹೋಗಿಬಂದ ನನ್ನ ಉತ್ತರ ಒಂದೇ: ಮಳೆಯಿಂದ ಶುರು ಮಾಡಿ. ಒಣ ರಸ್ತೆಯಲ್ಲಿ ಒಳ್ಳೆಯ ಗಾಡಿ ನಿಮ್ಮ ಅರ್ಧ ತಪ್ಪನ್ನು ಮುಚ್ಚಿಹಾಕುತ್ತದೆ. ಮಳೆಯಲ್ಲಿ ಯಾವ ತಪ್ಪೂ ಮುಚ್ಚಿಕೊಳ್ಳುವುದಿಲ್ಲ.

ನಮ್ಮದು ಮಳೆ ಕಡಿಮೆ ಇರುವ ನಾಡು. ವರ್ಷವಿಡೀ ಬಿದ್ದರೂ 600 ಮಿಲಿಮೀಟರ್ ಆಸುಪಾಸು. ಅದಕ್ಕೇ ನಮ್ಮ ಚಾಲಕರಿಗೆ ಮಳೆಯ ರೂಢಿ ಕಡಿಮೆ. ತಿಂಗಳುಗಟ್ಟಲೆ ಒಣಗಿದ ರಸ್ತೆ ಒಂದು ಸಂಜೆ ದಿಢೀರನೆ ನೆನೆದಾಗ, ನಿನ್ನೆಯ ವೇಗದಲ್ಲೇ ಇವತ್ತೂ ಹೋಗುತ್ತೇವೆ. ರೇಸಿನವರು ನೆನೆದ ಟ್ರ್ಯಾಕಿನಲ್ಲಿ ಕಲಿತದ್ದು ನಮ್ಮ ಕಾಲುವೆ ರಸ್ತೆಗೂ ಬೇಕಾದದ್ದೇ. ಒಂದೊಂದಾಗಿ ಹೇಳುತ್ತೇನೆ, ಮನಸ್ಸಿಟ್ಟು ಓದಿ.

ಹೊರಡುವ ಮುನ್ನ

• ಮೊದಲು ಟೈರ್ ನೋಡು, ಆಮೇಲೆ ಎಂಜಿನ್. ಗಾಡಿಗೂ ನೆಲಕ್ಕೂ ಇರುವ ಸಂಬಂಧ ನಾಲ್ಕು ಟೈರು ನೆಲಕ್ಕೆ ತಾಗುವಷ್ಟು ಜಾಗ ಮಾತ್ರ. ಒಂದೊಂದೂ ಹೆಚ್ಚುಕಡಿಮೆ ನಿನ್ನ ಅಂಗೈಯಷ್ಟು. ಟೈರಿನಲ್ಲಿ ಗೀರು ಇರುವುದು ಚೆಂದಕ್ಕಲ್ಲ, ಕೆಳಗಿನ ನೀರನ್ನು ಹೊರಗೆ ತಳ್ಳುವುದಕ್ಕೆ. ಆ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ಉಬ್ಬು ಇರುತ್ತದೆ, ಬೆರಳಿಟ್ಟರೆ ತಿಳಿಯುತ್ತದೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಉಳಿದದ್ದು 1.6 ಮಿಲಿಮೀಟರ್ ಮಾತ್ರ. ಕಾನೂನಿನ ಗಡಿ ಅದು. ಮಳೆಗಾಲಕ್ಕೆ ಅಲ್ಲಿಯವರೆಗೂ ಕಾಯಬೇಡ. 3 ಮಿಲಿಮೀಟರಿಗೆ ಇಳಿದಾಗಲೇ ಬದಲಿಸು.

• ಗಾಳಿ ಕಡಿಮೆ ಬಿಡಬೇಡ. ‘ಮಳೆಗೆ ಗಾಳಿ ಇಳಿಸಿದರೆ ಗ್ರಿಪ್ ಜಾಸ್ತಿ’ ಎಂಬ ಮಾತು ಕೆಸರು ಗದ್ದೆಗೆ ಸರಿ, ಡಾಂಬರಿಗೆ ಅಲ್ಲ. ನಿಂತ ನೀರಿನ ಮೇಲೆ ಟೈರು ಯಾವ ವೇಗದಲ್ಲಿ ನೆಲ ಬಿಟ್ಟು ತೇಲುತ್ತದೆ ಎಂಬ ಲೆಕ್ಕವನ್ನು ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡಿತು. ಆ ಲೆಕ್ಕದಲ್ಲಿ 32 ಪಿಎಸ್‌ಐ ಗಾಳಿಗೆ ಗಂಟೆಗೆ ಸುಮಾರು 94 ಕಿಲೋಮೀಟರಿನಲ್ಲಿ, 24 ಪಿಎಸ್‌ಐಗೆ ಸುಮಾರು 82ರಲ್ಲೇ ಟೈರು ತೇಲಬಹುದು. ಟೈರು ಸವೆದಿದ್ದರೆ, ನೀರು ಆಳವಾಗಿದ್ದರೆ ಇನ್ನೂ ಮೊದಲೇ. ಬಾಗಿಲ ಬಳಿ ಚೀಟಿಯಲ್ಲಿ ಕಂಪನಿ ಬರೆದ ಗಾಳಿಯನ್ನು ಟೈರು ತಣ್ಣಗಿದ್ದಾಗ ತುಂಬಿಸು. ಗದ್ದೆಯಲ್ಲಿ ಸಿಕ್ಕಿಕೊಂಡು ಗಾಳಿ ಇಳಿಸಿದ್ದರೆ, ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸು.

• ಗಾಜು ಒಳಗಿನಿಂದಲೂ ಒರೆಸು. ಮಳೆಯಲ್ಲಿ ಕಣ್ಣು ಕಟ್ಟುವುದು ಹೊರಗಿನ ನೀರಿಗಿಂತ ಒಳಗಿನ ಆವಿ. ಏಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸು, ಹೊರಗಿನ ಗಾಳಿ ಬರುವಂತೆ ಇಡು. ನಮ್ಮ ಬಿಸಿಲಿಗೆ ವೈಪರ್ ರಬ್ಬರು ಬೇಗ ಒಣಗಿ ಬಿರಿಯುತ್ತದೆ, ಮಳೆಗಾಲ ಬರುವ ಮುನ್ನ ಹೊಸದು ಹಾಕಿಸು.

• ಡಿಕ್ಕಿ ಖಾಲಿ ಮಾಡು. ಜಾಕು, ಸ್ಪ್ಯಾನರ್, ನೀರಿನ ಕ್ಯಾನು ಸಡಿಲಾಗಿ ಉರುಳಾಡುತ್ತಿದ್ದರೆ ತಿರುವಿನಲ್ಲಿ ಗಾಡಿಯ ತೂಕ ಅತ್ತಿತ್ತ ಆಡುತ್ತದೆ, ಬ್ರೇಕ್ ಹಿಡಿದಾಗ ಮುಂದಕ್ಕೂ ಹಾರುತ್ತದೆ. ರೇಸಿನ ತಪಾಸಣೆಯಲ್ಲಿ ಸಡಿಲ ಸಾಮಾನು ಕಂಡರೆ ಗಾಡಿಯನ್ನು ಸಾಲಿಗೇ ಬಿಡುವುದಿಲ್ಲ. ನೀನೂ ಹಾಗೇ ಇರು.

ಕೈಕಾಲಿನ ಮಾತು

• ಟೈರಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳು. ನನ್ನ ಮಾತಿನಲ್ಲೆಲ್ಲ ಇದೊಂದನ್ನು ಮರೆಯಬೇಡ. ಟೈರು ಮೂರು ಕೆಲಸ ಮಾಡುತ್ತದೆ: ಓಡಿಸುತ್ತದೆ, ನಿಲ್ಲಿಸುತ್ತದೆ, ತಿರುಗಿಸುತ್ತದೆ. ಮೂರಕ್ಕೂ ಇರುವುದು ಒಂದೇ ಹಿಡಿತ. ಒಣ ನೆಲದಲ್ಲಿ ಆ ಹಿಡಿತ ಧಾರಾಳ, ಎರಡು ಕೆಲಸ ಒಟ್ಟಿಗೆ ಹೇಳಿದರೂ ನಡೆಯುತ್ತದೆ. ನೆನೆದ ನೆಲದಲ್ಲಿ ತಿರುವಿನ ನಡುವೆ ಬ್ರೇಕ್ ಒತ್ತಿದರೆ ಟೈರು ಎರಡನ್ನೂ ಕೈಬಿಡುತ್ತದೆ. ಆದ್ದರಿಂದ ನೇರ ಇರುವಾಗಲೇ ಬ್ರೇಕ್ ಹಿಡಿದು ವೇಗ ಇಳಿಸು. ಬ್ರೇಕ್ ಬಿಟ್ಟು ತಿರುಗು. ಸ್ಟೇರಿಂಗ್ ನೇರವಾಗುತ್ತ ಬಂದಂತೆ ಎಕ್ಸಲೇಟರ್ ಒತ್ತು.

• ಝಾಡಿಸಬೇಡ. ಹೂಡಿದ ಎತ್ತನ್ನು ಒಮ್ಮೆಲೇ ಜಗ್ಗಿದರೆ ಮುಗ್ಗರಿಸುತ್ತದೆ, ಮೆಲ್ಲಗೆ ಹಗ್ಗ ಬಿಗಿದರೆ ಹೇಳಿದ ಕಡೆ ಬರುತ್ತದೆ. ಮಳೆಯಲ್ಲಿ ಟೈರೂ ಹಾಗೆಯೇ. ಬ್ರೇಕನ್ನು ಮೊದಲು ಮೆಲ್ಲಗೆ ಒತ್ತು, ಗಾಡಿಯ ಮೂಗು ತಗ್ಗಿ ಮುಂದಿನ ಟೈರಿನ ಮೇಲೆ ಭಾರ ಕೂರಲಿ, ಆಮೇಲೆ ಗಟ್ಟಿಯಾಗಿ ಒತ್ತು. ಬಿಡುವಾಗಲೂ ಫಕ್ಕನೆ ಬಿಡಬೇಡ. ಗೇರ್ ಇಳಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಚಕ್ರ ಕಿತ್ತುಕೊಂಡು ಜಾರುತ್ತದೆ, ಅಲ್ಲಿಯೂ ಪಾದ ಹಗುರ ಇರಲಿ.

• ಗೇರ್ ಒಂದು ಮೇಲಿರಲಿ. ಒಣ ದಿನ ಎರಡನೇ ಗೇರಿನಲ್ಲಿ ತೆಗೆಯುವ ತಿರುವನ್ನು ಮಳೆಯಲ್ಲಿ ಮೂರನೆಯದರಲ್ಲಿ ತೆಗೆದರೆ ಚಕ್ರಕ್ಕೆ ಎಂಜಿನ್ನಿನ ಜೋರು ಅಷ್ಟಾಗಿ ತಟ್ಟುವುದಿಲ್ಲ, ಸುಮ್ಮನೆ ಸುತ್ತಿಕೊಳ್ಳುವುದೂ ಇಲ್ಲ.

• ದೂರದ ಲೆಕ್ಕ ಬಾಯಿಪಾಠ ಮಾಡು. ಗಂಟೆಗೆ 60ರಲ್ಲಿ ಬ್ರೇಕ್ ಕಚ್ಚಿದ ಮೇಲೆ ಒಳ್ಳೆಯ ಒಣ ಡಾಂಬರಿನಲ್ಲಿ ಸುಮಾರು 20 ಮೀಟರಿಗೆ ಗಾಡಿ ನಿಂತರೆ, ನೆನೆದ ಡಾಂಬರಿನಲ್ಲಿ ಸುಮಾರು 35 ಮೀಟರ್ ಬೇಕು. 80ರಲ್ಲಿ 36 ಮೀಟರ್ ಇದ್ದದ್ದು 63ಕ್ಕೆ ಹೋಗುತ್ತದೆ. ಇದರ ಮೇಲೆ ನಿನ್ನ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡು: 60ರಲ್ಲಿ ಅಷ್ಟರಲ್ಲೇ 17 ಮೀಟರ್ ಸಾಗಿರುತ್ತೀಯ. ಮುಂದಿನ ಗಾಡಿಗೂ ನಿನಗೂ ನಡುವೆ ಒಣ ದಿನ ಬಿಡುವ ಜಾಗವನ್ನು ಮಳೆಯಲ್ಲಿ ಎರಡರಷ್ಟು ಮಾಡು.

• ಎಬಿಎಸ್ ಇದ್ದರೆ ಒತ್ತಿ ಹಿಡಿ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ತುರ್ತಿನಲ್ಲಿ ಪೆಡಲು ಕಾಲಿನಡಿ ಗಡಗಡ ನಡುಗಿದರೆ ಹೆದರಿ ಬಿಡಬೇಡ. ಅದು ತನ್ನ ಕೆಲಸ ಮಾಡುತ್ತಿದೆ, ನೀನು ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಬಹುದು. ಹಳೆಯ ಮಾರುತಿ 800, ಜಿಪ್ಸಿಗಳಲ್ಲಿ ಅದಿಲ್ಲ. ಚಕ್ರ ಕಟ್ಟಿಕೊಂಡಿತೆಂದು ಅನ್ನಿಸಿದ ತಕ್ಷಣ ತುಸು ಬಿಟ್ಟು ಮತ್ತೆ ಒತ್ತು. ಎಬಿಎಸ್ ಹಿಡಿತವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ ಅಷ್ಟೇ. ರಾಡಿಯಲ್ಲಿ ಅದಿದ್ದರೂ ಗಾಡಿ ಬೇಗ ನಿಲ್ಲುವುದಿಲ್ಲ.

• ಜಾರಿದಾಗ ಕಣ್ಣು ದಾರಿಯ ಮೇಲಿರಲಿ. ಕೈ ಕಣ್ಣಿನ ಹಿಂದೆ ಹೋಗುತ್ತದೆ. ಮರವನ್ನೇ ನೋಡಿದರೆ ಮರಕ್ಕೇ ಹೋಗುತ್ತೀಯ. ಮುಂದಿನ ಚಕ್ರ ಜಾರಿ ಗಾಡಿ ತಿರುಗದೆ ನೇರ ಹೊರಟರೆ, ಎಕ್ಸಲೇಟರ್ ಮೆಲ್ಲಗೆ ಬಿಟ್ಟು ಸ್ಟೇರಿಂಗನ್ನು ತುಸು ಸಡಿಲಿಸು. ಹಿಡಿತ ಮರಳುವವರೆಗೆ ತಾಳು. ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಜಾರುತ್ತದೆ. ಹಿಂಭಾಗ ಹೊರಗೆ ಬಂದರೆ, ಹೋಗಬೇಕಾದ ಕಡೆ ನೋಡಿ ಅತ್ತಲೇ ಸ್ಟೇರಿಂಗ್ ತಿರುಗಿಸು, ಬ್ರೇಕ್ ಮುಟ್ಟಬೇಡ. ನೀರಿನ ಮೇಲೆ ತೇಲಿ ಸ್ಟೇರಿಂಗ್ ಹಗುರವಾದರೆ ಎಕ್ಸಲೇಟರ್ ಬಿಡು, ಕೈ ನೇರ ಹಿಡಿ, ಟೈರು ನೆಲ ಮುಟ್ಟುವವರೆಗೆ ಬೇರೇನೂ ಮಾಡಬೇಡ.

ನೆಲ ಓದುವುದು

• ಮೊದಲ ಹನಿಗಳೇ ಹೆಚ್ಚು ಅಪಾಯ. ತಿಂಗಳುಗಟ್ಟಲೆ ಬಿದ್ದ ಎಣ್ಣೆ, ಟೈರಿನ ರಬ್ಬರು, ಧೂಳು ಮೊದಲ ಮಳೆಗೆ ನೆನೆದು ರಸ್ತೆ ಮೇಲೆ ಲೇಪದಂತೆ ಹರಡುತ್ತದೆ. ಜೋರು ಮಳೆ ಬಿದ್ದು ತೊಳೆದ ಮೇಲೆ ಹಿಡಿತ ಸ್ವಲ್ಪ ಮರಳುತ್ತದೆ. ಆದ್ದರಿಂದ ತುಂತುರು ಶುರುವಾದ ಮೊದಲ ಅರ್ಧ ತಾಸು ಬಹಳ ಹುಷಾರಾಗಿರು. ಸಾಧ್ಯವಿದ್ದರೆ ಎಲ್ಲಾದರೂ ನಿಂತು ಒಂದು ಚಹಾ ಕುಡಿ.

• ಮಳೆಯಲ್ಲಿ ದಾರಿ ಬೇರೆ. ಚೆನ್ನೈ ಬಳಿಯ ಇರುಂಗಾಟುಕೋಟೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇಂಥ ಟ್ರ್ಯಾಕ್‌ಗಳಲ್ಲಿ ಒಣ ದಿನ ಎಲ್ಲರೂ ಓಡಿಸುವ ಗೆರೆಯಲ್ಲಿ ರಬ್ಬರು ಕೂತು ನುಣುಪಾಗಿರುತ್ತದೆ. ಮಳೆ ಬಂದರೆ ಅದೇ ಗೆರೆ ಎಲ್ಲಕ್ಕಿಂತ ಜಾರು. ಗೊತ್ತಿದ್ದವರು ಅದನ್ನು ಬಿಟ್ಟು ಹೊರಗಿನ ಒರಟು ಡಾಂಬರಿನ ಮೇಲೆ ತಿರುಗುತ್ತಾರೆ. ಅಂಚಿನ ಬಣ್ಣದ ಪಟ್ಟಿಗೆ ಚಕ್ರ ತಾಗಿಸುವುದಿಲ್ಲ. ನಮ್ಮ ರಸ್ತೆಯ ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ಪೆಟ್ರೋಲ್ ಬಂಕಿನ ಮುಂದಿನ ಜಾಗ ಎಲ್ಲ ಅದೇ ಜಾತಿ. ಅವುಗಳ ಮೇಲೆ ಬ್ರೇಕ್ ಹಿಡಿಯಬೇಡ, ತಿರುಗಬೇಡ.

• ಮುಂದಿನ ಗಾಡಿಯ ಗುರುತು ನೋಡು. ಅದರ ಚಕ್ರ ಹಾದ ಜಾಡು ಸ್ವಲ್ಪ ಹೊತ್ತು ಕಪ್ಪಗೆ ಉಳಿದರೆ ನೀರು ತೆಳು; ಆ ಜಾಡಿನಲ್ಲೇ ಹೋಗು, ನಿನ್ನ ಪಾಲಿನ ನೀರನ್ನು ಅದು ಆಗಲೇ ಸರಿಸಿದೆ. ಜಾಡು ಬಿದ್ದ ಕೂಡಲೇ ನೀರು ಮುಚ್ಚಿಕೊಂಡರೆ ಆಳ ಹೆಚ್ಚು, ವೇಗ ಇಳಿಸು.

• ಮಸುಕು ಮತ್ತು ಹೊಳಪು ಗುರುತಿಸು. ಬೂದು ಬಣ್ಣದ ಒರಟು ಡಾಂಬರು ಟೈರನ್ನು ಹಿಡಿಯುತ್ತದೆ. ಕನ್ನಡಿಯಂತೆ ಹೊಳೆಯುವ ತುಂಡು ಹಿಡಿಯುವುದಿಲ್ಲ. ರಾತ್ರಿ ಎದುರಿನ ಲೈಟು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದರೆ ಅಲ್ಲಿ ನೀರು ನಿಂತಿದೆ.

ನಮ್ಮ ಎರೆ ಮಣ್ಣು, ನಮ್ಮ ಹಳ್ಳ

• ಕೆಸರು ಗದ್ದೆಗೆಂದು ಕಬ್ಬಿಣದ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರು ರಸ್ತೆಗೆ ಹತ್ತಿದ ಜಾಗ ಗುರುತಿಟ್ಟುಕೋ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟಾಗ ನಾಟಿಯ ಕೆಲಸವೂ ಮುಂಗಾರೂ ಒಟ್ಟಿಗೆ ನಡೆಯುತ್ತವೆ. ಗದ್ದೆಯಿಂದ ರಸ್ತೆಗೆ ಏರಿದ ಟ್ರ್ಯಾಕ್ಟರು ಎರಡು ಸಾಲು ಎರೆ ಮಣ್ಣು ಬಿಟ್ಟು ಹೋಗುತ್ತದೆ. ಮಳೆ ಬಿದ್ದರೆ ಆ ಮಣ್ಣು ಬೆಣ್ಣೆಯಾಗುತ್ತದೆ. ನಿನ್ನ ಟೈರು ಅದನ್ನು ದಾಟಿದ ಮೇಲೂ ಅಪಾಯ ಮುಗಿಯದು: ಗೀರುಗಳಲ್ಲಿ ಮಣ್ಣು ತುಂಬಿ ಹೊಸ ಟೈರೂ ಬೋಳು ಟೈರಾಗಿರುತ್ತದೆ. ಕಿವಿಗೊಡು, ಚಕ್ರದಿಂದ ಕಿತ್ತ ಮಣ್ಣಿನ ಹೆಂಟೆ ಮಡ್‌ಗಾರ್ಡಿನೊಳಗೆ ಟಪಟಪ ಬಡಿಯುತ್ತಿರುತ್ತದೆ. ಆ ಸದ್ದು ಪೂರ್ತಿ ನಿಲ್ಲುವವರೆಗೆ ನಿನ್ನ ಬ್ರೇಕನ್ನು ನಂಬಬೇಡ.

• ಟ್ರ್ಯಾಕ್ಟರು ನಿನ್ನ ಮನೆಯದೇ ಆದರೆ ಡಾಂಬರಿಗೆ ಏರುವ ಮುನ್ನ ಕೇಜ್ ವೀಲ್ ಬಿಚ್ಚಿ ಟ್ರೇಲರಿನಲ್ಲಿ ಹಾಕಿಕೊಂಡು ಬಾ, ಬಿದ್ದ ಮಣ್ಣನ್ನು ಸಲಿಕೆಯಿಂದ ಎಳೆದು ಹಾಕು. ಆ ಮಣ್ಣಿನಲ್ಲಿ ಜಾರಿ ಬೀಳುವವನು ಬೈಕಿನ ಮೇಲೆ ಮಗಳನ್ನು ಕೂರಿಸಿಕೊಂಡು ಸಿಂಧನೂರಿನ ಶಾಲೆಗೆ ಹೊರಟವನಾಗಿರಬಹುದು.

• ಎರೆ ದಾರಿಗೆ ಮಳೆಯಲ್ಲಿ ಇಳಿಯಲೇಬೇಡ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಚಕ್ರಕ್ಕೆ ಸುತ್ತಿ ಮಡ್‌ಗಾರ್ಡು ತುಂಬಿ ಗಾಡಿ ತಾನೇ ಕಟ್ಟಿಕೊಳ್ಳುತ್ತದೆ. ಗರಸು ಹಾಕಿದ ದಾರಿ ಇದ್ದರೆ ಸುತ್ತಾದರೂ ಅದರಲ್ಲೇ ಹೋಗು. ಕಾಲುವೆ ದಂಡೆಯ ದಾರಿಯಲ್ಲಿ ಜಾರಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗು. ಅಲ್ಲಿ ಕತ್ತಲಲ್ಲಿ, ಮಳೆಯಲ್ಲಿ ಗಾಡಿ ಓಡಿಸುವ ಪ್ರಸಂಗವನ್ನೇ ತಂದುಕೊಳ್ಳಬೇಡ.

• ನೆಲ್ಲು, ಹುಲ್ಲು ಕಂಡರೆ ವೇಗ ಇಳಿಸು. ಸುಗ್ಗಿಯಲ್ಲಿ ರಸ್ತೆ ಬದಿಗೆ ಒಣಹಾಕಿದ ನೆಲ್ಲು ಅಕಾಲದ ಮಳೆಗೆ ನೆನೆದಾಗ ಅದರ ಮೇಲೆ ಟೈರು ಉರುಳಿ ಜಾರುತ್ತದೆ. ಅದನ್ನು ಮುಚ್ಚಲು ತಾಡಪಾಲು ಹಿಡಿದು ಓಡಿಬರುವ ಜನ ರಸ್ತೆಯಲ್ಲೇ ಇರುತ್ತಾರೆ. ಅವರ ಕಣ್ಣು ನೆಲ್ಲಿನ ಮೇಲಿರುತ್ತದೆ, ನಿನ್ನ ಗಾಡಿಯ ಮೇಲಲ್ಲ.

• ಹಳ್ಳ ಹರಿಯುತ್ತಿದ್ದರೆ ಹಿಂದಿರುಗು. ಇಲ್ಲಿ ಮೋಡವಿಲ್ಲದಿದ್ದರೂ ಮೇಲೆ ಮಳೆಯಾಗಿ ಹಳ್ಳ ಒಮ್ಮೆಲೇ ಏರುತ್ತದೆ. ಸುಮಾರು 30 ಸೆಂಟಿಮೀಟರ್ ಆಳದ ಹರಿಯುವ ನೀರು ಸಣ್ಣ ಕಾರನ್ನು ಎತ್ತಿ ತಳ್ಳಬಲ್ಲದು, 60 ಸೆಂಟಿಮೀಟರ್ ಇದ್ದರೆ ದೊಡ್ಡ ಜೀಪನ್ನೂ ಬಿಡದು. ಕೆಂಪು ನೀರಿನ ಕೆಳಗೆ ಸೇತುವೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿಂದ ಕಾಣದು. ‘ಮುಂದಿನ ಗಾಡಿ ದಾಟಿತಲ್ಲ’ ಎಂಬುದು ಲೆಕ್ಕವೇ ಅಲ್ಲ.

• ನಿಂತ ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಕುಗ್ಗುವುದಿಲ್ಲ. ಪಿಸ್ಟನ್ನಿನ ರಾಡೇ ಬಾಗುತ್ತದೆ. ತಳ್ಳಿಸಿ ಹೊರಗೆ ತಂದು ಮೆಕ್ಯಾನಿಕ್ಕಿಗೆ ತೋರಿಸು. ಸುರಕ್ಷಿತವಾಗಿ ದಾಟಿದ್ದರೆ ನಿಧಾನ ಹೋಗುತ್ತ ಬ್ರೇಕನ್ನು ಮೆಲ್ಲಗೆ ಒಂದೆರಡು ಸಲ ಒತ್ತಿ ಒಣಗಿಸು.

ರೇಸು ಮಾಡುವ ಆಸೆ ಇದ್ದರೆ

• ಹೆದ್ದಾರಿ ರೇಸಿನ ಟ್ರ್ಯಾಕಲ್ಲ. ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರು ಹಾದು ಬಳ್ಳಾರಿಗೆ ಹೋಗುವ 150ಎ ಹೆದ್ದಾರಿ ನೇರವಾಗಿದೆ ಎಂದು ಯಾರಾದರೂ ಪಂಥ ಕಟ್ಟಿದರೆ ಕೈ ಮುಗಿದು ಬಾ. ಮೋಟಾರು ವಾಹನ ಕಾಯ್ದೆಯ 189ನೇ ಕಲಮು ರಸ್ತೆಯಲ್ಲಿ ಅನುಮತಿಯಿಲ್ಲದ ರೇಸನ್ನು ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಇದೆ. ದಂಡ ಕಟ್ಟಿ ಬರಬಹುದು. ಎದುರು ಬಂದವನ ಜೀವ ಕಟ್ಟಿಕೊಡಲಾಗದು.

• ಲೈಸೆನ್ಸು ಪಡೆದು ಸರಿಯಾದ ಬಾಗಿಲಿನಿಂದ ಹೋಗು. ದೇಶದ ಮೋಟಾರು ಕ್ರೀಡೆಯನ್ನು ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ ಒಕ್ಕೂಟ; ಸ್ಪರ್ಧೆಯ ಲೈಸೆನ್ಸು ಅದೇ ಕೊಡುತ್ತದೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕೆ-1000 ರ‍್ಯಾಲಿ ನಡೆಸುತ್ತ ಬಂದಿದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ದಾರಿಗಳಲ್ಲೂ ರ‍್ಯಾಲಿಗಳಾಗುತ್ತವೆ. ಮೊದಲು ಕೊಟ್ಟ ಸಮಯಕ್ಕೆ, ಕೊಟ್ಟ ವೇಗಕ್ಕೆ ಸರಿಯಾಗಿ ತಲುಪುವ ಟಿಎಸ್‌ಡಿ ರ‍್ಯಾಲಿಗೆ ಹೋಗು. ಆಮೇಲೆ ಒಂದು ಸಲಕ್ಕೆ ಒಂದೇ ಗಾಡಿ ಬಿಡುವ ಆಟೋಕ್ರಾಸ್. ವೇಗದ ಹಂತ ಅದಾದ ಮೇಲೆ.

• ಪಕ್ಕದ ಸೀಟನ್ನು ಗೌರವಿಸು. ರ‍್ಯಾಲಿಯಲ್ಲಿ ಸಹಚಾಲಕ ದಾರಿಯ ಟಿಪ್ಪಣಿ ಓದುತ್ತಾನೆ. ಮುಂದಿನ ತಿರುವು ಎಷ್ಟು ಬಿಗಿ, ಎಲ್ಲಿ ಜಾರು ಎಂದು ಚಾಲಕನಿಗೆ ಕಾಣುವ ಮೊದಲೇ ಹೇಳುತ್ತಾನೆ. ನಮ್ಮ ಕಾಸರಗೋಡಿನ ಮೂಸಾ ಶರೀಫ್ ಆ ಸೀಟಿನಲ್ಲಿ ಕೂತೇ ಗೌರವ್ ಗಿಲ್ ಜೊತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು. ನಿನ್ನ ಊರಿನ ದಾರಿಯಲ್ಲೂ ಪಕ್ಕ ಕೂತ ಅಕ್ಕನೋ ಅಪ್ಪನೋ ‘ನಿಧಾನ’ ಎಂದರೆ ಆ ಮಾತು ಕೇಳು.

• ಮಳೆಯಲ್ಲೇ ಅಭ್ಯಾಸ ಮಾಡು. ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಹುಡುಗನಾಗಿದ್ದಾಗ ನೆನೆದ ಟ್ರ್ಯಾಕಿನಲ್ಲಿ ಸೋತು, ಅಂದಿನಿಂದ ಮಳೆ ಬಂದಾಗಲೆಲ್ಲ ಕಾರ್ಟ್ ತೆಗೆದುಕೊಂಡು ಹೊರಗೆ ಹೋಗುತ್ತಿದ್ದ. 1985ರಲ್ಲಿ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಸುರಿಯುವ ಮಳೆಯಲ್ಲಿ ತನ್ನ ಮೊದಲ ಫಾರ್ಮುಲಾ ಒನ್ ಗೆಲುವನ್ನು ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಪಡೆದ. ನೀನೂ ಮಾಲೀಕರ ಒಪ್ಪಿಗೆ ಪಡೆದು, ಜನ ದನ ಇಲ್ಲದ ಬಯಲಿನಲ್ಲಿ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಗಂಟೆಗೆ 20-30ರ ವೇಗದಲ್ಲಿ ಬ್ರೇಕ್ ಹಿಡಿದು ನೋಡು. ಹಿಡಿತ ತಪ್ಪುವ ಗಳಿಗೆ ಕಾಲಿಗೆ, ಕೈಗೆ ಹೇಗೆ ತಿಳಿಯುತ್ತದೆ ಎಂಬುದು ಅಲ್ಲಿ ಗೊತ್ತಾಗಲಿ.

• ಬೆಲ್ಟು, ಹೆಲ್ಮೆಟ್ಟು ಬಿಡಬೇಡ. ಫಾರ್ಮುಲಾ ಒನ್ ಚಾಲಕ ಜಾಕಿ ಸ್ಟೀವರ್ಟ್ 1968ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮಳೆ, ಮಂಜಿನ ನಡುವೆ ನಾಲ್ಕು ನಿಮಿಷಗಳಿಗೂ ಹೆಚ್ಚು ಅಂತರದಿಂದ ಗೆದ್ದವರು. ಅಂಥವರೇ ಸೀಟು ಬೆಲ್ಟಿಗಾಗಿ, ಟ್ರ್ಯಾಕಿನ ತಡೆಗೋಡೆಗಾಗಿ, ವೈದ್ಯರ ಏರ್ಪಾಟಿಗಾಗಿ ವರ್ಷಗಟ್ಟಲೆ ಹೋರಾಡಿದರು. ಧೈರ್ಯವಿದ್ದವರೇ ಎಚ್ಚರಿಕೆಯನ್ನೂ ಕೇಳಿದರು ಎಂಬುದನ್ನು ನೆನಪಿಡು.

• ನಿಲ್ಲಿಸುವುದೂ ಚಾಲನೆಯೇ. 2021ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ರೇಸಿನ ದಿನ ಮಳೆ ಬಿಡಲಿಲ್ಲ. ಜಗತ್ತಿನ ಅತಿ ನುರಿತ ಚಾಲಕರು ತಾಸುಗಟ್ಟಲೆ ಕಾದು, ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹಾಕಿ, ಅರ್ಧದಷ್ಟೇ ಅಂಕ ಪಡೆದು ಮನೆಗೆ ಹೋದರು. ಕಣ್ಣಿಗೆ ದಾರಿ ಕಾಣದಷ್ಟು ಮಳೆ ಬಂದರೆ ನೀನೂ ರಸ್ತೆ ಬಿಟ್ಟು ಸರಿಯಾದ ಜಾಗದಲ್ಲಿ ನಿಂತುಕೋ. ನಾಲ್ಕೂ ದೀಪ ಮಿನುಗಿಸುವುದು ನಿಂತಾಗ ಮಾತ್ರ. ಓಡುವಾಗ ಅದು ಹಿಂದಿನವನ ದಾರಿ ತಪ್ಪಿಸುತ್ತದೆ.

ಹೇಳಿದ್ದರಲ್ಲಿ ಹೊಸ ಗಾಡಿ ಬೇಕಾದದ್ದು ಯಾವುದೂ ಇಲ್ಲ. ಒಳ್ಳೆಯ ಟೈರು, ಶುದ್ಧ ಗಾಜು, ಹಗುರ ಪಾದ, ನೆಲ ಓದುವ ಕಣ್ಣು ಇಷ್ಟೇ ಸಾಕು. ನೇರದಲ್ಲಿ ಬ್ರೇಕ್, ತಿರುವಿನಲ್ಲಿ ಸ್ಟೇರಿಂಗ್, ದಾರಿ ತೆರೆದ ಮೇಲೆ ಎಕ್ಸಲೇಟರ್ ಎಂಬ ಕ್ರಮ ಕಾಲಿಗೆ ಕೂತುಬಿಟ್ಟರೆ ನೀವು ಟ್ರ್ಯಾಕಿಗೂ ಸೈ, ಮಸ್ಕಿಯ ರಸ್ತೆಗೂ ಸೈ. ಮುಂಗಾರು ಶುರುವಾಗುವ ಮುನ್ನ ಗ್ಯಾರೇಜಿಗೆ ಗಾಡಿ ತಂದು ಟೈರು ತೋರಿಸಿಕೊಂಡು ಹೋಗಿ. ನೋಡುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಸವೆದಿದ್ದರೆ ಸವೆದಿದೆ ಎಂದೇ ಹೇಳುತ್ತೇನೆ. ಆಗ ರೇಸಿನ ಖರ್ಚಿಗೆಂದು ಕೂಡಿಟ್ಟ ಹಣದಲ್ಲಿ ಮೊದಲು ಟೈರು ತನ್ನಿ.